ನನ್ನ ಮೊನ್ನೆ, ಗೈಡ್ ಸಾಹೇಬರ ಮೊನ್ನೆ

ನಮ್ಮ ಮನೆಯಲ್ಲಿ ಕಳೆದುಹೋದ ಕಾಲಕ್ಕೆ ಎರಡೇ ಖಾನೆ: ನಿನ್ನಿ, ಮೊನ್ನಿ. ನಿನ್ನೆ ನಡೆದದ್ದು ನಿನ್ನಿ. ಅದಕ್ಕೂ ಹಿಂದಿನದೆಲ್ಲ, ಸೃಷ್ಟಿಯ ಮೊದಲ ದಿನದ ತನಕ, ಮೊನ್ನಿ. ಚಿಮ್ಮನಚೋಡದ ನಮ್ಮತ್ತೆ ಈಗಲೂ "ಮೊನ್ನಿ ನಿಮ್ಮ ಮಾವ ತೀರಿಕೊಂಡಾಗ" ಎನ್ನುತ್ತಾರೆ. ಮಾವ ಹೋಗಿ ಹನ್ನೊಂದು ವರ್ಷವಾಯಿತು. ನಮ್ಮಜ್ಜಿಯಂತೂ "ಮೊನ್ನಿ ನಿಜಾಮ ಇದ್ದಾಗ" ಎಂದು ಕಥೆ ಶುರು ಮಾಡಿದರೆ, ನಿಜಾಮ ಇನ್ನೂ ವಾಡಿ ಜಂಕ್ಷನ್ನಿನಲ್ಲಿ ರೈಲಿಗೆ ಕಾಯುತ್ತ ಕುಳಿತಿರಬೇಕು ಎಂದು ನಾವು ಮಕ್ಕಳು ನಂಬಿದ್ದೆವು.

ಇಂಥ ಹಿರಿಯರಿಂದ ಮಾತು ಕಲಿತ ನಾನು ಸೇಡಂನ ಹೈಸ್ಕೂಲಿನಲ್ಲಿ ಭೂತಕಾಲ, ವರ್ತಮಾನಕಾಲ ಕಲಿಸುತ್ತೇನೆ. ಸರ್ಕಾರಕ್ಕೆ ಇನ್ನೂ ಗೊತ್ತಾಗಿಲ್ಲ.

ನಲವತ್ತಾರನೇ ವಯಸ್ಸಿಗೆ ನನಗೆ ಹಿಮಾಲಯದ ಒಂದು ಶಿಖರ ಹತ್ತುವ ಚಪಲ ಹುಟ್ಟಿತು. ತೊಗರಿ ಹೊಟ್ಟಿನ ರಾಶಿಯನ್ನೇ ಗುಡ್ಡ ಎನ್ನುವ ಸೀಮೆಯವಳಿಗೆ ತಕ್ಕ ಆಸೆಯೇ. ಗೈಡ್ ಜೊತೆಗೆ ನಿಂತು ಹತ್ತಿಸುವ ಒಂದು ತಂಡಕ್ಕೆ ಹೆಸರು ಕೊಟ್ಟೆ. ಒಂದು ಸಂಜೆ ಗೈಡ್ ಸಾಹೇಬರೇ ಫೋನ್ ಮಾಡಿದರು. ಅವರದು ಬೆಟ್ಟದ ಕಡೆಯ ಹಿಂದಿ, ನನ್ನದು ನಮ್ಮ ಸಂತೆಯ ದಖನಿ. ಹನ್ನೆರಡು ಕಿಲೋ ಹೊತ್ತು ಐದು ತಾಸು ಗುಡ್ಡ ಹತ್ತಿದ್ದು ಕೊನೆಯ ಸಲ ಯಾವಾಗ ಎಂದು ಕೇಳಿದರು.

"ಪರ್ಸೋಂಚ್ ಗಯೀ ಥೀ ಸಾಬ್," ಎಂದೆ. ಮೊನ್ನೇನೇ ಹೋಗಿದ್ದೆ ಅಂತ.

ನನ್ನ ಮೊನ್ನೆ ಎಂದರೆ ಬಿ.ಎಡ್. ಓದುವಾಗ ಚಿಂಚೋಳಿ ಗುಡ್ಡಕ್ಕೆ ಹೋದ ಪಿಕ್ನಿಕ್ಕು. ಹೊತ್ತದ್ದು ಎಲ್ಲರ ರೊಟ್ಟಿ ಗಂಟು. ಎಲ್ಲರೂ ದಾರಿಯುದ್ದಕ್ಕೂ ತಿನ್ನುತ್ತಲೇ ಬಂದದ್ದರಿಂದ ತುದಿ ಮುಟ್ಟುವಾಗ ನನ್ನ ಬೆನ್ನ ಮೇಲೆ ರೊಟ್ಟಿಗೆ ಹಚ್ಚಿಕೊಳ್ಳುವ ಶೇಂಗಾ ಹಿಂಡಿಯ ಖಾಲಿ ಡಬ್ಬಿ ಮಾತ್ರ ಉಳಿದಿತ್ತು. ಸುಳ್ಳು ಹೇಳಿದೆ ಎಂದು ಆಗ ಅನಿಸಲೇ ಇಲ್ಲ. ಹಿರಿಯರು ಕಲಿಸಿದ ಮಾತು, ಸುಳ್ಳು ಹೇಗಾದೀತು?

ಮರುದಿನ ವಾಟ್ಸಾಪಿಗೆ ಪಟ್ಟಿ ಬಂತು. ನನ್ನ ಹೆಸರಿನ ಮುಂದೆ "ಎರಡು ದಿನದ ಹಿಂದೆ, ಹನ್ನೆರಡು ಕಿಲೋ, ಐದು ತಾಸು, ಉತ್ತಮ" ಎಂದು ಬರೆದಿತ್ತು. ಒಂದು ಹಗ್ಗಕ್ಕೆ ಮೂವರು: ಮುಂದೆ ಗೈಡ್, ನಡುವೆ ನಾಶಿಕದ ಒಬ್ಬಾಕೆ, ಕೊನೆಗೆ ಅನುಭವಸ್ಥೆಯಾದ ನಾನು. ನಡುವಿನಾಕೆ ಜಾರಿದರೆ ಹಗ್ಗ ಬಿಗಿಹಿಡಿದು ನಿಲ್ಲುವುದು ನನ್ನ ಕೆಲಸ.

ವಾಡಿಯ ಸಿಮೆಂಟ್ ಕಾರ್ಖಾನೆಯಿಂದ ಬಂದು ಚಹಾ ಕುಡಿಯುತ್ತಿದ್ದ ನಮ್ಮ ಮನೆಯವರು ಅದನ್ನು ಜೋರಾಗಿ ಓದಿದರು.

"ಐದು ತಾಸು! ಮಾಳಿಗಿ ಮ್ಯಾಲ ಹಪ್ಪಳ ಒಣಗಸಾಕ ಹೋಗಾಗ ನಡುವ ಎರಡ ಸಲ ಕುಂದ್ರತೀಯಲ್ಲ ಟೀಚರ್!"

"ನಾ ಎಲ್ಲಿ ಎರಡು ದಿನ ಅಂದೀನ್ರೀ? ಮೊನ್ನಿ ಅಂದೀನಿ."

"ಆ ಮನಶಾಗ ಮೊನ್ನಿ ಅಂದ್ರ ಮೊನ್ನಿನೇ."

ಅತ್ತೆ ಎಂದಿನಂತೆ ಸೊಸೆಯ ಪಕ್ಷ. "ಅಂವಗ ಭಾಷಾ ಬರಂಗಿಲ್ಲಂದ್ರ ಆಕಿ ಏನ್ ಮಾಡ್ಬೇಕು?"

ತಪ್ಪು ಒಪ್ಪಿಕೊಳ್ಳುವುದಕ್ಕಿಂತ ಅದನ್ನೇ ನಿಜ ಮಾಡಿಬಿಡುವುದು ಸುಲಭ ಎನಿಸಿತು. ಹೊರಡಲು ಐದು ವಾರವಿತ್ತು. ಆದರೆ ಹತ್ತುವುದು ಎಲ್ಲಿ? ನಮ್ಮ ಕಡೆ ಎತ್ತರವೆಲ್ಲ ನೆಲದ ಕೆಳಗಿದೆ. ಶಹಾಬಾದಿನಲ್ಲಿ ನೆಲಕ್ಕೆ ಹಾಸುವ ಫರಸಿ ಕಲ್ಲು ತೆಗೆದೂ ತೆಗೆದೂ ಮೆಟ್ಟಿಲು ಮೆಟ್ಟಿಲಾಗಿ ಆಳಕ್ಕೆ ಇಳಿದ ಖಣಿಗಳಿವೆ. ಲೋಕದ ಜನ ಹತ್ತಿ ಇಳಿಯುತ್ತಾರೆ, ನಾನು ಇಳಿದು ಹತ್ತಬೇಕು. ಅಷ್ಟೇ ವ್ಯತ್ಯಾಸ. ನನ್ನ ಅಣ್ಣನ ಪರಿಚಯದವರ ಒಂದು ಖಣಿಗೆ ಭಾನುವಾರ ಹೋಗುವುದೆಂದಾಯಿತು.

ಚೀಲಕ್ಕೆ ಕಲ್ಲು ತುಂಬಬೇಕೆಂದಿದ್ದೆ. ಅತ್ತೆ ತಡೆದರು.

"ಶಾಬಾದದಾಗ ಕಲ್ಲ ಹೊತ್ಕೊಂಡ್ ಮ್ಯಾಲ ಬಂದ್ರ ಕಳವು ಮಾಡ್ಯಾಳ ಅಂತಾರವ್ವಾ. ಬ್ಯಾಳಿ ತಗೊಂಡ್ ಹೋಗು." ತಾವೇ ಹನ್ನೆರಡು ಕಿಲೋ ತೊಗರಿಬೇಳೆ ತೂಗಿ ಹಾಕಿದರು.

ಮೂರನೇ ಸಲ ಇಳಿಯುವಾಗ ಕಲ್ಲು ಒಡೆಯುತ್ತಿದ್ದ ಒಬ್ಬ ಹಿರಿಯರು ಸುತ್ತಿಗೆ ಕೆಳಗಿಟ್ಟರು.

"ಅಕ್ಕಾರ, ಏನರೆ ಕಳಕೊಂಡೀರೇನ್ರಿ?"

"ಏನಿಲ್ಲಣ್ಣ. ಪ್ರ್ಯಾಕ್ಟೀಸ್ ಮಾಡಾಕತ್ತೀನಿ."

"ಎದರದ್ರಿ?"

"ಗುಡ್ಡ ಹತ್ತೋದರದು."

ಅವರು ಖಣಿಯನ್ನು ಸುತ್ತಲೂ ಒಮ್ಮೆ ನೋಡಿ, ನನಗೆ ನೋವಾಗದಂತೆ ಮೆಲ್ಲಗೆ ಹೇಳಿದರು: "ಗುಡ್ಡ ಬ್ಯಾರೆ ಕಡಿ ಇರ್ತಾವ್ರಿ."

ಎರಡು ಭಾನುವಾರ ಕಳೆದಾಗ ನನ್ನ ಸಾಧನೆ ನಲವತ್ತು ನಿಮಿಷ ಮತ್ತು ಸೋರೆಕಾಯಿಯಂತೆ ಊದಿದ ಒಂದು ಮೊಣಕಾಲು. ಅತ್ತೆ ಎಣ್ಣೆ ಕಾಯಿಸಿ ತಿಕ್ಕುತ್ತಿದ್ದರು. ಮನೆಯವರು ಧೈರ್ಯ ಹೇಳಿದರು: "ಸುಮ್ಮನಿರು. ಇನ್ನ ಮೂರ ವಾರ ಅದ. ಆಗಲಿಲ್ಲಂದ್ರ ಗೈಡ್ ಎಳಕೊಂಡ್ ಹೋಗ್ತಾನ."

ಅಷ್ಟರಲ್ಲಿ ನಾಶಿಕದಾಕೆಯ ವಾಯ್ಸ್ ಮೆಸೇಜು ವಾಟ್ಸಾಪಿಗೆ ಬಂತು. ಹಿಂದಿಯಲ್ಲಿ, ಸಣ್ಣ ದನಿಯಲ್ಲಿ: "ದೀದಿ, ನನಗೆ ಬಹಳ ಹೆದರಿಕೆಯಿತ್ತು. ನನ್ನ ಹಿಂದೆ ನೀವಿರುತ್ತೀರಿ ಎಂದು ತಿಳಿದ ಮೇಲೆ ನಿದ್ದೆ ಬರುತ್ತಿದೆ. ಮಗಳಿಗೂ ಅದನ್ನೇ ಹೇಳಿದ್ದೇನೆ."

"ಏನಂದಳು ಆಕಿ?" ಅತ್ತೆ ಕೇಳಿದರು. ಹೇಳಿದೆ. ಅತ್ತೆಯ ಕೈ ಮೊಣಕಾಲ ಮೇಲೆಯೇ ನಿಂತಿತು.

"ಫೋನ್ ಹಚ್ಚು ಅಂವಗ," ಎಂದರು ಅತ್ತೆ. "ಹಗ್ಗದಾಗ ಜೀವ ಇರ್ತದ."

ಹಚ್ಚಿದೆ. "ಸಾಬ್, ಆ ಪರ್ಸೋಂ ಇತ್ತಲ್ಲ, ಅದು ಪರ್ಸೋಂ ಅಲ್ಲ."

"ಮತ್ತೆ ಯಾವಾಗ?"

"ಅದರ ಹಿಂದಿನ ಪರ್ಸೋಂ."

"ಅಂದರೆ ನಾಲ್ಕು ದಿನ? ಪರವಾಗಿಲ್ಲ ಮೇಡಂ."

"ನನ್ನ ಮಗ ಹುಟ್ಟುವ ಮೊದಲು, ಸಾಬ್."

"ಮಗನಿಗೆ ವಯಸ್ಸೆಷ್ಟು?"

"ಹತ್ತೊಂಬತ್ತು."

ಬೈದಿದ್ದರೆ ಹಗುರಾಗುತ್ತಿದ್ದೆ. ಅವರು ಬೈಯಲಿಲ್ಲ. "ಕೊನೆಯವರು ನಿಲ್ಲದಿದ್ದರೆ ನಾವು ಮೂವರೂ ಹೋಗುತ್ತೇವೆ, ಮೇಡಂ," ಎಂದರು, ಅಷ್ಟೇ. ಈ ಸಲದ ಶಿಖರದಿಂದ ನನ್ನ ಹೆಸರು ತೆಗೆದು ಮುಂದಿನ ಹಂಗಾಮಿಗೆ ಬರೆದುಕೊಂಡರು. ಮೊದಲು ಕೆಳಗಿನ ಶಿಬಿರದಲ್ಲಿ ಕಲಿಯಬೇಕು, ಪಾಸಾದರೆ ಮೇಲಿನ ಮಾತು. ಇಪ್ಪತ್ತು ವರ್ಷ ಮಕ್ಕಳನ್ನು ಫೇಲ್ ಮಾಡಿದವಳಿಗೆ ಅದರ ರುಚಿ ಹೇಗಿರುತ್ತದೆಂದು ಅವತ್ತು ಗೊತ್ತಾಯಿತು.

ನಾಶಿಕದಾಕೆಗೆ ಬರೆಯುವುದು ಇನ್ನೂ ಕಷ್ಟವಾಯಿತು. ಬರೆದು ಅಳಿಸಿ, ಬರೆದು ಅಳಿಸಿ, ಕಡೆಗೆ ಇದ್ದದ್ದನ್ನು ಇದ್ದಹಾಗೆ ಕಳಿಸಿದೆ. ಉತ್ತರ ಬಂತು:

"ದೀದಿ, ಹಿಮದ ಮೇಲೆ ನಡೆದ ಅನುಭವ ಇದೆ ಎಂದು ನಾನು ಬರೆದಿದ್ದೆ. ಅದು ಮಾಲ್‌ನಲ್ಲಿ ಟಿಕೆಟ್ ತೆಗೆದು ಹೋಗುವ ಐಸಿನ ಕೋಣೆ. ನಾನು ಜಾರಿದರೂ ಹಿಂದೆ ನೀವಿದ್ದೀರಲ್ಲ ಎಂದು ಸುಮ್ಮನಿದ್ದೆ. ಈಗಲೇ ಅವರಿಗೆ ಫೋನ್ ಮಾಡುತ್ತೇನೆ."

ಮಾಡಿಯೂ ಮಾಡಿದಳು. ಅವಳ ಹೆಸರೂ ನನ್ನ ಹೆಸರಿನ ಕೆಳಗೆ, ಮುಂದಿನ ಹಂಗಾಮಿಗೆ ಬಂತು.

ಮರುದಿನ ಬೆಳಿಗ್ಗೆ ತಂಡದ ವಾಟ್ಸಾಪ್ ಗುಂಪಿಗೆ ಗೈಡ್ ಸಾಹೇಬರ ಸಂದೇಶ: "ಎಲ್ಲರೂ ತಮ್ಮ ಅನುಭವವನ್ನು ಇನ್ನೊಮ್ಮೆ ಬರೆದು ಕಳಿಸಿ. ಸ್ಥಳ ಇರಲಿ, ಎತ್ತರ ಇರಲಿ, ತಾರೀಖು ಅಂಕಿಯಲ್ಲಿರಲಿ." ನಿನ್ನೆಯ ತನಕ ಕೈಗವಸು, ಹಿಮ ಕಡಿಯುವ ಕೊಡಲಿ, ಕಪ್ಪು ಕನ್ನಡಕ ಎಂದು ಫೋಟೋ ಸುರಿಸುತ್ತಿದ್ದ ಆ ಗುಂಪಿನಲ್ಲಿ ಸಂಜೆಯವರೆಗೂ ಒಬ್ಬರೂ ಕೆಮ್ಮಲಿಲ್ಲ.