ನೀರೋನನ್ನು ಹಿಡಿಯಲು ಹಿಪ್ಪರಗಿಗೆ

ಭಾನುವಾರ ಬೆಳಿಗ್ಗೆ ಏಳೂವರೆಗೆ ಜಮಖಂಡಿಯ ಬಸ್ ನಿಲ್ದಾಣದಲ್ಲಿ ನಿಂತಾಗ ನಾನು ತಲೆಯನ್ನೂ ಸರಿಯಾಗಿ ಬಾಚಿಕೊಂಡಿರಲಿಲ್ಲ. ಥಂಡಿ ಕೊರೆಯುತ್ತಿದ್ದರೂ ಚಹಾ ಕುಡಿಯುವ ವ್ಯವಧಾನವಿರಲಿಲ್ಲ. ಮೂರು ದಿನದ ಹಿಂದೆ ಆಡಿದ ಒಂದು ಮಾತನ್ನು ರನ್ನ ಬೆಳಗಲಿಗೆ ಹೋಗಿ ವಾಪಸ್ ತೆಗೆದುಕೊಳ್ಳಬೇಕಿತ್ತು.

ನಾನು ಹೈಸ್ಕೂಲಿನಲ್ಲಿ ಇತಿಹಾಸ ಕಲಿಸುವವಳು. ರೋಮಿನ ದೊರೆಗಳ ಹುಚ್ಚು. ಯಾರೂ ಕೇಳದಿದ್ದರೂ ಅವರ ಕಥೆ ಹೇಳುತ್ತೇನೆ. ಅದಕ್ಕೇ ನಮ್ಮ ಶಾಲೆಯ ಗುಮಾಸ್ತೆ ರನ್ನ ಬೆಳಗಲಿಯ ತನ್ನ ಮನೆಯ ದೇವರ ಜಗುಲಿಯಲ್ಲಿದ್ದ ಬಂಗಾರದ ಬಿಲ್ಲೆಯ ಫೋಟೊ ಕಳಿಸಿದ್ದಳು. ಅವಳನ್ನು ಸಾವಿತ್ರಿ ಎನ್ನೋಣ. ನಾನು ಬರೆದದ್ದನ್ನು ಓದುವ ತಾಳ್ಮೆ ಅವಳಿಗೆಂದೂ ಇಲ್ಲ. ಆ ಬಿಲ್ಲೆಯನ್ನು ಅವಳ ಅತ್ತೆಗೆ ಅವರ ಅತ್ತೆ ಸಾಯುವಾಗ ಕೊರಳಿಂದ ಬಿಚ್ಚಿ ಕೊಟ್ಟಿದ್ದರಂತೆ. ಅದರ ಮೇಲಿನ ಮುಖ ಆ ಹಿರಿಯಳದೇ ಎಂದು ದಿನವೂ ಕುಂಕುಮ ಏರಿಸುತ್ತಿದ್ದರು. ರೋಮಿನ ನಾಣ್ಯಗಳು ವ್ಯಾಪಾರದ ದಾರಿಯಲ್ಲಿ ಬಂದು ನಮ್ಮ ಹೆಂಗಸರ ಕೊರಳು ಸೇರಿದ್ದುಂಟು. ನಾನು ದಪ್ಪ ಕತ್ತು ನೋಡಿದವಳೇ, "ಇವ ನೀರೋ. ಹೆತ್ತ ತಾಯಿನ್ನ ಕೊಲ್ಲಿಸಿದ ದೊರಿ" ಎಂದು ಸಾರಿಬಿಟ್ಟೆ.

ಶನಿವಾರ ಫೋಟೊ ದೊಡ್ಡದು ಮಾಡಿ ನೋಡಿದರೆ ಅದು ನೀರೋನ ಮೂಗೇ ಅಲ್ಲ. ನಾಚಿಕೆಯಿಂದ ಕಿವಿ ಬಿಸಿಯಾಯಿತು. ಫೋನ್ ಮಾಡಿದರೆ ಸಾವಿತ್ರಿ, "ಅತ್ತಿ ಜಗಲಿ ಮುಂದ ಕುಂತಽ ಇಲ್ರಿ ಅಕ್ಕೋರ. ತಾಯಿ ಕೊಂದಾವನ್ನ ಹೊಳಿಗೆ ಬಿಡ್ತೇನಂತಾರ. ನಾ ಹೇಳಿದ್ರ ಕೇಳೂದಿಲ್ಲ, ನೀವಽ ಬಂದು ಹೇಳ್ರಿ" ಎಂದಳು. ಪೂಜೆಗೆ ಸಲ್ಲದ ದೇವರ ಪಟಗಳನ್ನು ಹೊಳೆಗೆ ಬಿಡುವುದು ನಮ್ಮ ಕಡೆಯ ರೂಢಿ. ಬಂಗಾರಕ್ಕೂ ಅದೇ ಗತಿಯಾದೀತೆಂದು ನಾನು ಎಣಿಸಿರಲಿಲ್ಲ.

ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ ಪುಕ್ಕಟೆ, ಪುಣ್ಯ. ಬನಹಟ್ಟಿಯ ಮಗ್ಗಗಳ ಸದ್ದು ಕಿಟಕಿಯೊಳಗೆ ನುಗ್ಗಿತು. ರಬಕವಿ ದಾಟುವಲ್ಲಿ ಎರಡೆರಡು ಟ್ರೇಲರ್ ಕಬ್ಬು ಎಳೆಯುತ್ತಿದ್ದ ಟ್ರ್ಯಾಕ್ಟರುಗಳ ಹಿಂದೆ ಸಿಕ್ಕಿಕೊಂಡೆವು. ನಾನು ಸೀಟಿನಿಂದ ಎದ್ದು ನಿಂತೆ. "ಕುಂದರ್ರಿ ಅಕ್ಕಾರ, ನೀವು ನಿಂತ್ರ ಬಸ್ಸು ಲಗೂ ಹೋಗೂದಿಲ್ಲ" ಎಂದ ಕಂಡಕ್ಟರ್. ಕುಳಿತೆ, ಮತ್ತೆ ಎದ್ದೆ.

ಮಹಾಲಿಂಗಪುರದಲ್ಲಿ ಇಳಿಯುತ್ತಿದ್ದಂತೆ ಸಾವಿತ್ರಿಯ ಫೋನ್. "ಅಕ್ಕೋರ, ನಾ ಜಳಕಕ್ಕ ಹೋದಾಗ ಅತ್ತಿ ನಮ್ಮನಿಯವರ ಗಾಡಿ ಮ್ಯಾಲ ಹಿಪ್ಪರಗಿಗೆ ಹೋಗ್ಯಾರ್ರಿ! ಇವ್ರು ಫೋನೂ ಎತ್ತವಲ್ರು!" ಹೊಳೆದಂಡೆಯ ಹಿಪ್ಪರಗಿಯನ್ನು ನಾನು ಹಿಂದೆಯೇ ಬಿಟ್ಟು ಬಂದಿದ್ದೆ. ಅವಸರದ ಬಾಯಿ ಮಾಡಿದ ಕೆಲಸವನ್ನು ಅವಸರದ ಕಾಲು ಸರಿಮಾಡುವಂತೆ ಕಾಣಲಿಲ್ಲ. ಟಂಟಂ ರಿಕ್ಷಾದವನು ಮುನ್ನೂರು ರೂಪಾಯಿ ಎಂದ. ಚೌಕಾಶಿ ಮಾಡದೆ ಹತ್ತಿದೆ. ದಾರಿಯುದ್ದಕ್ಕೂ "ಜಲ್ದಿ, ಜಲ್ದಿ" ಎಂದು ಅವನ ಜೀವ ತಿಂದೆ.

ಬ್ಯಾರೇಜಿನ ಹತ್ತಿರ ಸಾವಿತ್ರಿಯ ಗಂಡ ಬೈಕಿಗೆ ಒರಗಿ ಮೊಬೈಲ್ ನೋಡುತ್ತಿದ್ದ. ಕೆಳಗೆ ಅವನ ತಾಯಿ ಮೊಣಕಾಲುದ್ದದ ನೀರಿನಲ್ಲಿ ನಿಂತಿದ್ದರು.

"ಆಯಿ, ತಡೀರಿ! ಅವ ನೀರೋ ಅಲ್ಲ!"

ಚಪ್ಪಲಿ ಬಿಸಾಕಿ ನೀರಿಗಿಳಿದೆ. ಬಿಲ್ಲೆ ಇನ್ನೂ ಅವರ ಮುಷ್ಟಿಯಲ್ಲೇ ಇತ್ತು. ಇಸಿದುಕೊಂಡು ಸೆರಗಿನಿಂದ ಗಸಗಸ ತಿಕ್ಕಿದೆ. ಎಷ್ಟೋ ವರ್ಷಗಳ ಕುಂಕುಮ ಕರಗಿ, ಗದ್ದದ ಮೇಲೆ ಗುಂಗುರು ಗಡ್ಡ ಎದ್ದಿತು. ನನಗೆ ಕುಣಿಯುವಷ್ಟು ಖುಷಿ.

"ಇವ ಆಂಟೊನೈನಸ್. ದತ್ತಕ ತಗೊಂಡ ಅಪ್ಪ ಸತ್ತಾಗ, ರೋಮಿನ ಹಿರ್ಯಾರ ಸಭಾ ಅವಗ ಮರ್ಯಾದಿ ಕೊಡಾಕ ಒಲ್ಲೆ ಅಂತು. ಇವ ಹಟ ಹಿಡದ ಕೊಡಿಸಿದ. ಭಾಳ ಛಲೋ ಮಗಾ ರೀ!"

ಆಯಿ ಬಗ್ಗಿ ನೋಡಿದರು. ಗದ್ದದ ಮೇಲೆ ಬೆರಳಾಡಿಸಿದರು.

"ಗಡ್ಡ ಐತಲ್ರಿ."

"ಹೌದ್ರಿ, ಅದಽ ಗುರ್ತು."

"ನೀವು ತಾಯಿ ಕೊಂದಾವ ಅಂದ್ರೂ ಇದ್ರಾಗ ನನಗ ನಮ್ಮತ್ತಿನಽ ಕಾಣ್ತಿದ್ಲು. ಅಕಿನ್ನ ಬಿಡಾಕ ಆಗವಲ್ದು ಅಂತನಽ ಇಷ್ಟೊತ್ತು ನೀರಾಗ ನಿಂತಿದ್ನಿ. ಈಗ ನೋಡ್ರಿ, ಯಾರೋ ಗಂಡಸು."

ನನ್ನ ಖುಷಿ ಅಲ್ಲೇ ಇಳಿದುಹೋಯಿತು. "ತಪ್ಪಾತ್ರಿ ಆಯಿ" ಎಂದೆ.

ಅವರು ಬಿಲ್ಲೆಯನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡರು. "ಗಡ್ಡದ ಸುದ್ದಿ ಸಾವಿತ್ರಿಗೆ ಹೇಳಬ್ಯಾಡ್ರಿ. ಅಕಿಗಾದ್ರೂ ನಮ್ಮತ್ತಿ ಇರ್ಲಿ."

ಜಮಖಂಡಿಗೆ ಮರಳುವಾಗ ಬಸ್ಸು ಖಾಲಿಯಿತ್ತು. ಒದ್ದೆ ಸೀರೆ ಕಾಲಿಗೆ ಅಂಟಿಕೊಂಡು, ಕುಳಿತಲ್ಲಿ ಕುಳಿತಿರಲಾಗದೆ ಮೂರು ಸಲ ಸೀಟು ಬದಲಿಸಿದೆ.

ಸೋಮವಾರ ಹಾಜರಿ ಪುಸ್ತಕಕ್ಕೆ ಸಹಿ ಹಾಕುತ್ತಿದ್ದಾಗ ಸಾವಿತ್ರಿ ಹತ್ತಿರ ಬಂದಳು. "ಯಾರಂತ್ರಿ ಅಕ್ಕೋರ, ಕಡೀಕ? ಅತ್ತಿ ಬಾಯಿ ಬಿಡವಲ್ರು."

ಇಪ್ಪತ್ತು ವರ್ಷ ಇತಿಹಾಸ ಕಲಿಸಿದ ನಾನು ಪೆನ್ನಿನ ಟೊಪ್ಪಿಗೆ ಮುಚ್ಚಿದೆ.

"ನಿಮ್ಮ ಅತ್ತಿಯವರ ಅತ್ತಿನಽ ಅದಾಳವಾ" ಎಂದೆ.