ಹಿಂತಿರುಗಿ ನೋಡದೆ ನಡೆದ ಮೇಸ್ತ್ರಿಗಳು

ನಮ್ಮ ನೀರು ಸರಬರಾಜು ಕಚೇರಿಯಲ್ಲಿ ಕೊಳವೆ ಹಾಕಿದವರು, ಕೊಳವೆ ಒಡೆದವರು, ಬರೀ ಕಾಗದದ ಮೇಲೆ ಕೊಳವೆ ಎಳೆದವರು ಬೇಕಾದಷ್ಟು ಮಂದಿ ಆಗಿಹೋಗಿದ್ದಾರೆ. ಆದರೆ ಕಬ್ಬಿಣದ ಸಲಾಕೆಯೊಂದನ್ನು ನೆಲಕ್ಕೂರಿ, ಅದರ ತುದಿಗೆ ಕಿವಿಯಿಟ್ಟು, ಆಳದಲ್ಲಿ ನೀರು ಸೋರುವ ಸದ್ದನ್ನು ಕರಾರುವಾಕ್ಕಾಗಿ ಹಿಡಿದವರು ಒಬ್ಬರೇ. ಮೂವತ್ತೆಂಟು ವರ್ಷಗಳ ಸೇವೆ ಮುಗಿಸಿ ನಿವೃತ್ತರಾಗುತ್ತಿರುವ ಆ 'ಕಿವಿ ಮೇಸ್ತ್ರಿ'ಗಳಿಗೆ ನೌಕರರ ಸಂಘ ಅರ್ಪಿಸುತ್ತಿರುವ ಈ ಗ್ರಂಥಕ್ಕೆ ಲೇಖನ ಬರೆಯುವ ಭಾಗ್ಯ ನನ್ನದಾಗಿದೆ. ಭಾಗ್ಯವೆಂದೆ ನಿಜ, ಆದರೆ ಬರೆಯಲು ಕೂತಾಗಿನಿಂದ ಮೂರು ಸಲ ಹಾಳೆ ಹರಿದುಹಾಕಿದ್ದೇನೆ. ಕಾರಣವನ್ನು ಮುಂದೆ ಅರಿಕೆ ಮಾಡಿಕೊಳ್ಳುತ್ತೇನೆ.

ನಾನು ಅವರ ಕೈಕೆಳಗೆ ಸೇರಿದ್ದು ಹತ್ತೊಂಬತ್ತು ವರ್ಷಗಳ ಹಿಂದೆ. ಸೇರಿದ ತಿಂಗಳಲ್ಲೇ ಜಾಣತನ ತೋರಿಸಲು ಹೋಗಿ ತಪ್ಪು ಜಾಗಕ್ಕೆ ಸುಣ್ಣದ ಗುರುತು ಹಾಕಿದೆ. ಆಸ್ಪತ್ರೆಯ ಮುಂದಿನ ರಸ್ತೆಯನ್ನು ಮೂರು ಕಡೆ ಅಗೆದರೂ ಹನಿ ನೀರು ಕಾಣಲಿಲ್ಲ. ಇಂಜಿನಿಯರು ಕೆಂಡವಾಗಿ ಬಂದು ನಿಂತಾಗ ಮೇಸ್ತ್ರಿಗಳು ತಲೆ ಕೆರೆದುಕೊಂಡು, "ಗುರುತು ನಂದೇ ಸಾರ್. ವಯಸ್ಸಾಯ್ತು ನೋಡಿ," ಎಂದರು. ಆಗ ಅವರಿಗೆ ನಲವತ್ತೊಂದು. ಆಮೇಲೆ ಅವರು ನನ್ನನ್ನು ಬೈದದ್ದನ್ನು ಅಚ್ಚು ಹಾಕಲು ಸಂಪಾದಕರು ಒಪ್ಪಲಾರರು.

ಕುರ್ಚಿ ಕಂಡರೆ ಅವರಿಗೆ ಆಗದು. ವಾರದ ಆರು ದಿನ ರಸ್ತೆ ಸವೆಸಿದ ಮನುಷ್ಯ ಏಳನೆಯ ದಿನವಾದರೂ ಕಾಲು ಚಾಚಿ ಮಲಗಬೇಕಲ್ಲವೇ? ಭಾನುವಾರ ಬೆಳಿಗ್ಗೆ ಆರಕ್ಕೆಲ್ಲ ತಮ್ಮ ಮಕ್ಕಳನ್ನು, ತಮ್ಮಂದಿರ ಮಕ್ಕಳನ್ನು, ಈಗೀಗ ಮೊಮ್ಮಕ್ಕಳನ್ನು ಸಾಲು ಮಾಡಿಕೊಂಡು ಊರಾಚೆಯ ಗುಡ್ಡಕ್ಕೆ ಹೊರಟುಬಿಡುತ್ತಾರೆ. ಮುಂದೆ ಇವರು, ಹಿಂದೆ ಮಕ್ಕಳು. ಒಮ್ಮೆಯೂ ಹಿಂತಿರುಗಿ ನೋಡುವುದಿಲ್ಲ. "ಬಾಯಿ ಮುಚ್ಚಬೇಡಿ, ಮಾತಾಡ್ತಾ ಬನ್ನಿ," ಎಂಬುದೊಂದೇ ಅಪ್ಪಣೆ. ಹೆಜ್ಜೆ, ಹರಟೆ, ಮೂಗಿನ ಸೊರಸೊರ ಎಲ್ಲವನ್ನೂ ಕಿವಿಯಲ್ಲೇ ಎಣಿಸಿ, ಯಾರು ಹಿಂದೆ ಬಿದ್ದರೆಂಬುದನ್ನು ಬೆನ್ನು ತಿರುಗಿಸದೆ ಹೇಳುತ್ತಿದ್ದರು. ಆ ಕಿವಿಯನ್ನು ನಂಬಿಯೇ ಮನೆಯವರು ಮಕ್ಕಳನ್ನು ನಿಶ್ಚಿಂತೆಯಿಂದ ಕಳಿಸಿಕೊಡುತ್ತಿದ್ದರು.

ಎರಡು ವರ್ಷಗಳಿಂದೀಚೆಗೆ ಕೆಲಸದಲ್ಲಿ, "ಶೀತ ಆಗಿದೆ, ನೀನೇ ಕೇಳು," ಎಂದು ಸಲಾಕೆಯನ್ನು ನನ್ನ ಕೈಗೆ ಕೊಡತೊಡಗಿದರು. ಎರಡು ವರ್ಷ ಇಳಿಯದ ಶೀತ ಯಾವುದೆಂದು ಕೇಳುವ ಬುದ್ಧಿ ನನಗೆ ಬರಲಿಲ್ಲ. ಕಳೆದ ತಿಂಗಳು ಗುಡ್ಡಕ್ಕೆ ನಾನೂ ಹೋಗಿದ್ದೆ, ಎಲ್ಲರಿಗಿಂತ ಹಿಂದೆ ಏದುಸಿರು ಬಿಡುತ್ತ. ನೀರು ತುಂಬಿ ನಿಂತ ಹಳೆಯ ಕಲ್ಲುಗಣಿಯ ಅಂಚಿನಲ್ಲಿ ಕಿರಿಯ ಮೊಮ್ಮಗಳು ಜಾರಿ, ಪೊದೆಯೊಂದನ್ನು ಹಿಡಿದುಕೊಂಡು "ತಾತಾ" ಎಂದು ಕೂಗಿದಳು. ಮತ್ತೊಮ್ಮೆ ಕೂಗಿದಳು. ಉಳಿದ ಮಕ್ಕಳು ತಮ್ಮ ಗಲಾಟೆಯಲ್ಲಿದ್ದರು. ಮೇಸ್ತ್ರಿಗಳು ಕೈಬೀಸಿಕೊಂಡು ಸುಖವಾಗಿ ನಡೆಯುತ್ತಲೇ ಇದ್ದರು. ಓಡಿಹೋಗಿ ಮಗುವನ್ನು ಎಳೆದುಕೊಂಡೆ. ಗಾಯವಾಗದ್ದರಿಂದ ಅವಳು ಬೇಗ ಮರೆತಳು. ಕೆಳಗಿದ್ದ ಆ ನೀರು ಮಾತ್ರ ನನ್ನ ಕಣ್ಣಿಗೆ ಕಟ್ಟಿದಂತೆ ಉಳಿದಿದೆ.

ಮರುದಿನ ಉಗ್ರಾಣದಲ್ಲಿ ನಾವಿಬ್ಬರೇ ಇದ್ದಾಗ, ಮಗು ಎರಡು ಸಲ ಕೂಗಿದ್ದು ಅವರಿಗೆ ಕೇಳಿಸಲಿಲ್ಲವೆಂದು ಗಟ್ಟಿಯಾಗಿ ಹೇಳಿಯೇಬಿಟ್ಟೆ. ಅವರು ಸಲಾಕೆಯ ತುಕ್ಕು ಒರೆಸುತ್ತಲೇ ಉತ್ತರಿಸಿದರು.

"ನಂಗೆ ಗೊತ್ತು ಕಣೋ. ಎಡಗಿವಿ ಪೂರ್ತಿ ಹೋಗಿದೆ, ಬಲಗಿವಿ ಅರ್ಧ. ಹೇಳಿದ್ರೆ ಮಕ್ಕಳನ್ನ ನನ್ನ ಜೊತೆ ಕಳಿಸ್ತಾರಾ?"

"ಹೇಳದೇ ಇದ್ರೆ, ಅಣ್ಣಾ, ಮುಂದಿನ ಸಲ ನಾನು ಅಲ್ಲಿರ್ತೀನಾ?"

ಒರೆಸುತ್ತಿದ್ದ ಕೈ ನಿಂತಿತು. "ನನ್ನ ಬಾಯಲ್ಲಿ ಬರಲ್ಲ. ನೀನೂ ನಿಮ್ಮಕ್ಕನ ಹತ್ರ ಬಾಯಿ ಬಿಡಬೇಡ. ಆ ಪುಸ್ತಕಕ್ಕೆ ಬರೀತೀಯಲ್ಲ, ಅದ್ರಲ್ಲಿ ಬರೆದುಬಿಡು. ಸಭೆಯಲ್ಲಿ ನಾಲ್ಕು ಜನ ಇರ್ತಾರೆ, ಅವಳಿಗೆ ನನ್ನ ಬೈಯೋಕಾಗಲ್ಲ."

ಅಕ್ಕ ಎಂದರೆ ಅವರ ಶ್ರೀಮತಿಯವರು. ಮಾತು ಕೊಟ್ಟೆ. ಅಂದಿನಿಂದ ಅವರ ಮೊಣಕಾಲು ನೋವಿನ ನೆಪದಲ್ಲಿ ಗುಡ್ಡದ ನಡಿಗೆ ನಿಂತಿದೆ. ಆದರೆ ಗ್ರಂಥ ಸಮರ್ಪಣೆ ಶನಿವಾರ ಸಂಜೆ. ಮರುಬೆಳಿಗ್ಗೆ ಸಂಸಾರದ ಹನ್ನೊಂದು ಮಕ್ಕಳೂ ನಿವೃತ್ತಿಯ ಖುಷಿಗೆ ಮತ್ತೆ ಗುಡ್ಡಕ್ಕೆ ಹೊರಡಲು ತುದಿಗಾಲಲ್ಲಿದ್ದಾರೆ. ನನ್ನನ್ನು ಕೊರೆಯುತ್ತಿರುವುದು ಇಷ್ಟೇ: ಅಭಿನಂದನ ಗ್ರಂಥಗಳನ್ನು ಯಾರೂ ಓದುವುದಿಲ್ಲ. ತಮ್ಮ ಫೋಟೊ ಇರುವ ಪುಟ ನೋಡಿ ಕಪಾಟಿಗೆ ಸೇರಿಸುತ್ತಾರೆ.

ಅಕ್ಕಾ, ಈ ಪುಟದವರೆಗೆ ಬಂದಿದ್ದರೆ, ದಯವಿಟ್ಟು ಅವರನ್ನು ತಡೆಯಬೇಡಿ. ಸಾಲಿನ ಕೊನೆಗೆ ನಿಲ್ಲಿಸಿ. ಕಣ್ಣು ಇನ್ನೂ ಹದ್ದಿನ ಕಣ್ಣೇ. ಮಕ್ಕಳನ್ನೆಲ್ಲ ಮುಂದೆ ಬಿಟ್ಟುಕೊಂಡು ನಮ್ಮ ಮೇಸ್ತ್ರಿಗಳು ನೂರು ವರ್ಷ ನಡೆಯಲಿ ಎಂಬುದೇ ನನ್ನ ಹಾರೈಕೆ. ಒಂದು ವೇಳೆ ನೀವು ಓದಿರದಿದ್ದರೆ, ಭಾನುವಾರ ಐದೂವರೆಗೆ ಈ ಗ್ರಂಥ ಹಿಡಿದು ನಿಮ್ಮ ಗೇಟಿನ ಮುಂದೆ ನಿಂತಿರುತ್ತೇನೆ. ಬಾಯಿ ಬಿಡುವುದಿಲ್ಲವೆಂದು ಮಾತು ಕೊಟ್ಟಿದ್ದೇನೆ ನಿಜ. ಪುಟ ತೆರೆದು ನಿಮ್ಮ ಕೈಗಿಡುವುದಿಲ್ಲವೆಂದು ಕೊಟ್ಟಿಲ್ಲ.