ನನ್ನ ಕೈ ನಿಲ್ಲಿಸಿದ ಹಾಡು

ಠಕ್, ಠಕ್, ಠಕ್. ಮರದ ಹಲಗೆಯ ಮೇಲೆ ಬೂಟಿನ ಹಿಮ್ಮಡಿಯ ಸದ್ದು. ಆಸ್ಟಿನ್ ಹತ್ತಿರದ ಲಿಯಾಂಡರ್ ಊರಿನಲ್ಲಿ ನಮ್ಮ ಪಕ್ಕದ ಮನೆಯ ಹಾಡುಗಾರ್ತಿ ಗಿಟಾರ್ ಮುಟ್ಟುವ ಮೊದಲು ಹೀಗೆ ತಾಳ ಹಾಕಿಕೊಳ್ಳುತ್ತಿದ್ದಳು. ಅದು ಕೇಳಿಸಿದರೆ ಸಾಕು, ಹಿತ್ತಲಲ್ಲಿ ಬೆಳೆದ ಅವರೆಕಾಯಿಯ ಬುಟ್ಟಿ ಎತ್ತಿಕೊಂಡು ಅವಳ ಪೋರ್ಚಿಗೆ ಹೊರಡುತ್ತಿದ್ದೆ.

ಹದಿನೆಂಟಕ್ಕೇ ಡಾಲಸ್ಸಿನ ಬಾರುಗಳಲ್ಲಿ ಹಾಡಿದವಳು. ಹೂಸ್ಟನ್ನಿನ ರೋಡಿಯೋದಲ್ಲಿ ಗೂಳಿಗಳ ಗಲಾಟೆಯ ನಡುವೆಯೂ ಜನರನ್ನು ಹಿಡಿದು ಕೂರಿಸಿದವಳು. ಅಲ್ಲಿನ ಹಳ್ಳಿಗಾಡಿನ ಧಾಟಿಯ ಕಂಟ್ರಿ ಹಾಡುಗಳನ್ನು ತಾನೇ ಬರೆದು ತಾನೇ ಹಾಡುವುದು ಅವಳ ಪ್ರೈಡ್. ಹೊಸ ಹಾಡಿಗೆ ಅವಳ ಟೆಸ್ಟ್ ಒಂದೇ: ಕೇಳುತ್ತಾ ಕೇಳುತ್ತಾ ನನ್ನ ಕೈ ಕಾಯಿ ಸುಲಿಯುವುದನ್ನು ಮರೆಯಬೇಕು. ಮರೆಯದಿದ್ದರೆ ಹಾಳೆ ಕಸದಬುಟ್ಟಿಗೆ.

“ನಿನ್ನ ಬಾಯಿ ತುಂಬಾ ಪೊಲೈಟ್, ಹನಿ. ನಾನು ನಂಬೋದು ಕೈನ ಮಾತ್ರ” ಎನ್ನುತ್ತಿದ್ದಳು. ನಾನು ಕಲಿತ ಕಾನ್ವೆಂಟಿನ ಮ್ಯಾನರ್ಸ್ ಅವಳ ಮುಂದೆ ನಡೆಯುತ್ತಿರಲಿಲ್ಲ.

ಗಂಡ ತೀರಿಕೊಂಡ ಮೇಲೆ ಮೂರು ವರ್ಷ ಅವಳಿಗೆ ಹಾಡೇ ಹುಟ್ಟಲಿಲ್ಲ. ಆಗ ಆಸ್ಟಿನ್ನಿನ ಡಾನ್ಸ್ ಹಾಲೊಂದರವರು ಕರೆದರು, ಹೊಸ ಹಾಡಿದ್ದರೆ ಮಾತ್ರ ಬಾ ಎಂದರು. ಅದೂ ಆಗದಿದ್ದರೆ ಗಿಟಾರ್ ಮಾರಿ ಹೂಸ್ಟನ್ನಿನ ತಂಗಿಯ ಮನೆ ಸೇರುವುದೆಂದು ತೀರ್ಮಾನಿಸಿದ್ದಳು. ಒಂದು ವಾರ, ಬರೆದದ್ದನ್ನೆಲ್ಲ ಹಾಡಿದಳು. ನನ್ನ ಕೈ ನಿಲ್ಲಲೇ ಇಲ್ಲ.

“ಸುಮ್ನೆ ಒಂದ್ನಿಮಿಷ ನಿಲ್ಸೇ, ನಿನ್ ಗಂಟೇನು ಹೋಗುತ್ತೆ?” ಎಂದರು ನಮ್ಮ ಯಜಮಾನರು.

“ಅದು ಚೀಟಿಂಗ್ ಕಣ್ರೀ. ಮೋಸ ಮಾಡ್ಬಾರ್ದು ಅಂತ ಇದೇ ಕೈಮೇಲೆ ಕಾನ್ವೆಂಟಿನ ಸಿಸ್ಟರ್ ರೂಲರಲ್ಲಿ ಹೊಡೆದು ಕಲ್ಸಿದಾರೆ.”

ಕೊನೆಯ ಸಂಜೆ ಗಂಡನ ಖಾಲಿ ಕುರ್ಚಿಯ ಬಗ್ಗೆ ಒಂದು ಹಾಡು ತೆಗೆದಳು. ಎರಡನೇ ಸಾಲಿಗೇ ನನ್ನ ಕೈ ಗಕ್ಕನೆ ನಿಂತಿತು. ಕಾಯಿಯೊಳಗಿಂದ ದಪ್ಪ ಹಸಿರು ಹುಳುವೊಂದು ಬೆರಳಿಗೆ ಹತ್ತಿತ್ತು! ಮೆಲ್ಲಗೆ ಅದನ್ನು ಸಿಪ್ಪೆಯ ಕೆಳಗೆ ತಳ್ಳಿದೆ. ಹಾಡು ಮುಗಿದಾಗ ಅವಳ ಕಣ್ಣು ತುಂಬಿತ್ತು. “ಇದೇ ಹಾಡು” ಎಂದಳು. ನಾನು ಸಿಪ್ಪೆಯನ್ನು ಹುಳುವಿನ ಸಮೇತ ಬಾಚಿ ಬುಟ್ಟಿಗೆ ಹಾಕಿಕೊಂಡೆ.

ಆಸ್ಟಿನ್ನಿನಲ್ಲಿ ಕುಣಿಯುತ್ತಿದ್ದ ಜೋಡಿಗಳು ಕಾಲು ನಿಲ್ಲಿಸಿ ಅದನ್ನು ಕೇಳಿದವು. ಆಮೇಲೆ ಅವಳು ಇನ್ನೂ ಏಳು ವರ್ಷ ಹಾಡಿದಳು. ಪ್ರತಿ ಸಲ ಚಪ್ಪಾಳೆ ಬಿದ್ದಾಗಲೂ ನನಗೆ ಆ ಹುಳು ನೆನಪಾಗುತ್ತಿತ್ತು.

ಅವಳನ್ನು ಕೊನೆಯ ಸಲ ನೋಡಿದ್ದು ಹೂಸ್ಟನ್ನಿನ ಆ ತಂಗಿಯ ಮನೆಯಲ್ಲೇ. ಕಾಯಿಲೆ ಅವಳನ್ನು ಹಾಸಿಗೆಗೆ ಅಂಟಿಸಿತ್ತು. ಕನ್ಫೆಷನ್ ಮಾಡುವವಳ ಹಾಗೆ ಎಲ್ಲ ಹೇಳಿಬಿಟ್ಟೆ. ಅವಳು ರಗ್ಗು ಅಲುಗಾಡುವಷ್ಟು ನಕ್ಕಳು.

“ಹುಳು ನನಗೂ ಕಂಡಿತ್ತು, ಹನಿ. ಆದ್ರೆ ಅದು ಹೋದ್ಮೇಲೂ ನೀನು ಇನ್ನೊಂದು ಕಾಯಿ ಎತ್ಕೊಳ್ಳಲೇ ಇಲ್ಲ. ಹಾಡು ಮುಗಿಯೋವರೆಗೂ.”

ಬಾಗಿಲಲ್ಲಿ ತಿರುಗಿ ನೋಡಿದೆ. ಕಣ್ಣು ಮುಚ್ಚಿದ್ದಳು. ರಗ್ಗಿನೊಳಗೆ ಅವಳ ಹಿಮ್ಮಡಿ, ಸದ್ದಿಲ್ಲದೆ, ತಾಳ ಹಾಕುತ್ತಿತ್ತು.